ಭಾವನ ಬಲಗೈ ಮತ್ತು ತಂತಿಯ ಗವಸು

ಯಂತ್ರದಿಂದ ಮನುಷ್ಯನ ಉದ್ಧಾರವೆಂದು ನಂಬಿದವರೆಲ್ಲ ಹೇಗೋ ನನ್ನ ಗುರುತಿನವರೇ ಆಗಿರುತ್ತಾರೆ. ಕುಮಟೆಯಲ್ಲಿ ಭೌತಶಾಸ್ತ್ರ ಪಾಠ ಮಾಡುವುದರ ಶಿಕ್ಷೆ ಇದು.

ಹೊನ್ನಾವರದಲ್ಲಿರುವ ಅಕ್ಕನ ಗಂಡ ಬೋಟು ನಡೆಸುವವರು. ಲಕ್ವ ಹೊಡೆದು ಅವರ ಬಲಗೈ ಬೆರಳುಗಳು ಮಡಚದಾದವು. ವ್ಯಾಯಾಮ ಮಾಡಿದರೆ ಸರಿಯಾದೀತು, ಇಲ್ಲವಾದರೆ ಚುಕ್ಕಾಣಿ ಮರೆತುಬಿಡಿ ಎಂದ ಡಾಕ್ಟರು ಹಿಸುಕಲು ಸ್ಪಂಜಿನ ಚೆಂಡು ಕೊಟ್ಟರು. ಭಾವ ಅದನ್ನು ಬೆಕ್ಕಿಗೆ ದಾನ ಮಾಡಿದರು.

೧. ಗವಸು

ಭಟ್ಕಳದಲ್ಲಿ ಬೋಟುಗಳ ಜಿಪಿಎಸ್ ರಿಪೇರಿ ಮಾಡುವ ನನ್ನ ಗೆಳೆಯನ ಬಳಿ ವರ್ಚುವಲ್ ರಿಯಾಲಿಟಿ ಆಟದ ಹಳೆಯ ಗವಸೊಂದಿತ್ತು. ಬೆರಳು ಮಡಚಿದರೆ ಅದರೊಳಗಿನ ಪಟ್ಟಿಗಳು ಬಾಗುತ್ತವೆ. ಬಾಗಿದ್ದನ್ನು ಮೈಕ್ರೋಕಂಟ್ರೋಲರ್ ಬೋರ್ಡು ಓದಿ ಲ್ಯಾಪ್‌ಟಾಪಿಗೆ ಹೇಳುತ್ತದೆ. ಪರದೆಯ ಮೇಲಿನ ಕೈಯೂ ಮಡಚುತ್ತದೆ. ಗೆಳೆಯ ಗವಸನ್ನು ಭಾವನ ಮನೆಗೇ ತಂದ.

"ಕೈ ಆಡಿದ್ದು ಕಣ್ಣಿಗೆ ಕಂಡ್ರೆ ಅಣ್ಣಂಗೆ ಹುರುಪು ಬತ್ತದೆ, ಸರ್" ಎಂದ.

"ಕಾಣೂದು ಕಾರ್ಟೂನ್ ಕೈ" ಎಂದೆ.

"ಇದ್ದ ಕೈಗಿಂತ ಅಡ್ಡಿಲ್ಲ" ಎಂದರು ಭಾವ.

೨. ಅಳತೆ

ಗವಸಿಗೆ ಮೊದಲು ಅಳತೆ ಕಲಿಸಬೇಕು: ಬೆರಳು ಪೂರ್ತಿ ಬಿಚ್ಚಿದರೆ ಎಷ್ಟು, ಪೂರ್ತಿ ಮಡಚಿದರೆ ಎಷ್ಟು.

"ಅಣ್ಣ, ಗಟ್ಟಿ ಮುಷ್ಟಿ ಮಾಡಿ" ಎಂದ ಗೆಳೆಯ.

ಭಾವ ಅವನನ್ನೇ ನೋಡಿದರು. "ಮುಷ್ಟಿ ಮಾಡೂಕೆ ಬರೂದಾದ್ರೆ ನಿನ್ನ ಎಂತಕ್ಕೆ ಕರೀತಿದ್ದೆ ಮಾರಾಯ?"

ಕೊನೆಗೆ ನನ್ನ ಮುಷ್ಟಿಯ ಅಳತೆ ಕೊಟ್ಟೆವು. ಆಮೇಲೆ ಭಾವ ಗವಸು ತೊಟ್ಟರು. ಪರದೆಯ ಕೈ ಅಲುಗಲಿಲ್ಲ.

"ಮಾಸ್ತರ ಕೈಯಲ್ದಾ" ಎಂದರು. "ಕೆಲ್ಸ ಮಾಡಿ ಅಭ್ಯಾಸ ಇಲ್ಲ."

೩. ಬಂಗಡೆ

ಪರದೆಯ ಮೇಲೆ ಹಿಡಿಯಲು ಇದ್ದದ್ದೂ ಚೆಂಡೇ. ಭಾವ ಮುಖ ತಿರುಗಿಸಿದರು. ಗೆಳೆಯ ಚೆಂಡು ಅಳಿಸಿ ಬಂಗಡೆ ಮೀನು ಹಾಕಿದ. ಅಂದಿನಿಂದ ಭಾವ ದಿನಾ ಕೂತರು. ಬೆರಳು ಕೂದಲೆಳೆಯಷ್ಟು ಅಲುಗುತ್ತಿತ್ತು, ಬಂಗಡೆ ಜಾರುತ್ತಿತ್ತು, ಇವರು ಬೈದು ಮತ್ತೆ ಕೈ ಚಾಚುತ್ತಿದ್ದರು.

ಅಕ್ಕ ಒಮ್ಮೆ ಇಣುಕಿದಳು. "ಇದ್ರ ಕಣ್ಣು ಬೆಳ್ಳಗಾಗ್ಯದೆ, ಹಳೇ ಮೀನು. ಅಷ್ಟು ಕಷ್ಟಪಟ್ಟು ಹಿಡಿಯೂದಾದ್ರೆ ತಾಜಾದ್ದು ಹಿಡೀರಿ."

೪. ಮುಷ್ಟಿ

ನಾವಿಬ್ಬರೂ ಅಲ್ಲಿದ್ದ ಒಂದು ಸಂಜೆ ಪರದೆಯ ಕೈ ಬಂಗಡೆಯನ್ನು ಗಟ್ಟಿಯಾಗಿ ಹಿಡಿಯಿತು. ಅಕ್ಕ ದೇವರಿಗೆ ದೀಪ ಹಚ್ಚಿದಳು. ಭಾವ ನಾಳೆಯೇ ಬೋಟು ಹತ್ತುತ್ತೇನೆಂದರು. ಪರದೆ ನೋಡುವ ಭರದಲ್ಲಿ ಯಾರೂ ಭಾವನ ಕೈ ನೋಡಿರಲಿಲ್ಲ. ನಾನು ನೋಡಿದೆ. ಅದು ಮೇಜಿನ ಮೇಲೆ ಚಪ್ಪಟೆ ಬಿದ್ದಿತ್ತು. ಬೋರ್ಡಿನ ಬಳಿ ಮುಖ್ಯ ತಂತಿ ಉಪ್ಪುಗಾಳಿಗೆ ಕಿಲುಬು ಹಿಡಿದು ಕಡಿದಿತ್ತು. ಆ ತಂತಿ ಕಡಿದರೆ ಈ ಬೋರ್ಡು ಎಲ್ಲ ಬೆರಳೂ ಪೂರ್ತಿ ಮಡಚಿವೆ ಎಂದೇ ಓದುತ್ತದೆ.

ಹೇಳಿದೆ. ಭಾವ ಎಡಗೈಯಿಂದ ಗವಸು ಕಿತ್ತು ಮೂಲೆಗೆಸೆದರು.

ನಾನು ಅಷ್ಟಕ್ಕೆ ಸುಮ್ಮನಿರಬಹುದಿತ್ತು. "ನಾನು ಮೊದಲೇ ಅಂದಿದ್ದೆ..." ಎಂದು ಶುರು ಮಾಡಿದೆ.

ಭಾವ ಎದ್ದು ನನ್ನ ಕಾಲರ್ ಹಿಡಿದರು. ಬಲಗೈಯಲ್ಲಿ. ಐದೂ ಬೆರಳು ಮಡಚಿದ್ದವು. ಅಂಗಿಯ ಗುಂಡಿಯೊಂದು ಕಿತ್ತುಬಂದು ನೆಲದ ಮೇಲೆ ಉರುಳಿತು. ಅಕ್ಕ ಬಾಗಿಲಿಗೊರಗಿ ಅಳತೊಡಗಿದಳು.

ಈ ಸಲ ಮಡಚಿದ್ದು ನಿಜವಾದ ಕೈಯೇ ಎಂಬುದರಲ್ಲಿ ಸಂಶಯಕ್ಕೆ ಎಡೆಯೇ ಇರಲಿಲ್ಲ. ನನಗೆ ಉಸಿರು ಕಟ್ಟುತ್ತಿತ್ತು. "ಆತು ಭಾವ, ಬಿಡಿ" ಎಂದೆ.

ಭಾವ ತಮ್ಮ ಕೈಯನ್ನು ನೋಡಿದರು. ಆಮೇಲೆ ಗೆಳೆಯನನ್ನು.

"ತಡಿ ತಮಾ. ಬಿಡೂದು ಇವ ಇನ್ನೂ ಕಲಿಸ್ಲಿಲ್ಲ."