ಅಝೀಝನಿಗೆ ಹಿಡಿದ ಗ್ರಹ

"ಎಂತ ಅಲೆ? ಪುನಃ ಹೇಳಿ ನೋಡುವ!" ಮೈಮೂನ ಗಂಡನನ್ನು ಬಾಗಿಲಲ್ಲೇ ತಡೆದಳು.

ಬಹ್ರೈನಿನ ಮಾಹೂಝಿನಲ್ಲಿದ್ದ ತಮ್ಮ ಫ್ಲ್ಯಾಟಿನ ಹೊಸ್ತಿಲಲ್ಲಿ ಅಝೀಝ್ ಖಾಲಿ ಬಕೆಟ್ ಹಿಡಿದು ನಿಂತಿದ್ದ. ಅತ್ತೆ ಕುಲ್ಸುಂ ಸಂಜೆಯ ವಿಮಾನಕ್ಕೆ ಮಂಗಳೂರಿಗೆ ಹೊರಟವರು. ಅವರ ಕೊನೆಯ ಊಟಕ್ಕೆ ಗೆಳೆಯ ಜೆಫ್ರಿಯ ದೋಣಿಯಲ್ಲಿ ಹೋಗಿ ತಾಜಾ ಮೀನು ತರುತ್ತೇನೆಂದು ಬೆಳಿಗ್ಗೆ ಹೋದವ, ಊಟದ ಹೊತ್ತು ಮೀರಿಸಿ ಬಂದಿದ್ದ. ಅತ್ತೆ ಬಂದಂದಿನಿಂದ ಟಿ.ವಿ. ಎದುರಿನ ಸೋಫಾದಲ್ಲಿ ಮುದುಡಿ ಮಲಗುವ ಪಾಡು ಅವನದು. ಅವರೊಮ್ಮೆ ವಿಮಾನ ಹತ್ತಿದರೆ ಸಾಕಿತ್ತು.

ಅಝೀಝ್: ಗ್ರಹದ ಅಲೆ ಮಾರಾಯ್ತಿ. ಪ್ಲಾನೆಟರಿ ವೇವ್. ಅದರಿಂದ ಕರೆಂಟ್ ಡೊಂಕಾಗ್ತದೆ. ನಮ್ಮ ದೋಣಿಯೂ ಡೊಂಕಾಗಿ ಎಲ್ಲೆಲ್ಲಿಗೋ ಹೋಯ್ತು.

ಕುಲ್ಸುಂ (ಒಳಗಿನಿಂದ): ಸಮುದ್ರಕ್ಕೆ ಕರೆಂಟ್ ಯಾರು ಎಳೆದದ್ದು ಮೋನೇ?

ಅಝೀಝ್: ಆ ಕರೆಂಟಲ್ಲ ಮಾಮಿ, ನೀರಿನ ಹರಿವು. ಭೂಮಿ ತಿರುಗ್ತದಲ್ಲ, ಆ ತಿರುಗುವುದರ ಹಿಡಿತ ಬಡಗು ದಿಕ್ಕಿಗೆ ಹೋದ ಹಾಗೆ ಬಿಗಿಯಾಗ್ತದೆ. ನೀರು ಬಡಗಿಗೆ ಸರಿದರೆ ತೆಂಕಿಗೆ ತಿರುಗಿಸ್ತದೆ, ತೆಂಕಿಗೆ ಜಾಸ್ತಿ ಹೋದರೆ ಪುನಃ ಬಡಗಿಗೆ. ಹೀಗೆ ಎದ್ದ ದೊಡ್ಡ ಅಲೆ ಪಡುವಣಕ್ಕೆ ಹೋಗ್ತಾ ಹೋಗ್ತಾ ಹರಿವನ್ನು ಹಾವಿನ ಹಾಗೆ ಬಳುಕಿಸ್ತದೆ.

ಮೈಮೂನ: ಭೂಮಿ ಎಲ್ಲರಿಗೂ ತಿರುಗ್ತದೆ. ನಿಮ್ಮ ದೋಣಿ ಮಾತ್ರ ಯಾಕೆ ತಿರುಗಿದ್ದು?

ಅಝೀಝ್: ಅಲೆ ಬರುವಾಗ ನಾವು ಅಲ್ಲೇ ಇದ್ದೆವು.

ಮೈಮೂನ: ಅಷ್ಟು ಸ್ಪೀಡಾ ಅದಕ್ಕೆ?

ಅಝೀಝ್: ಸ್ಪೀಡೆಲ್ಲ ಇಲ್ಲ. ಒಂದು ಮಹಾಸಾಗರ ದಾಟಲಿಕ್ಕೆ ವರ್ಷಗಟ್ಟಲೆ ಬೇಕು.

ಮೈಮೂನ: ಹಾಗಾದರೆ ನೀವು ಮೀನಿಗೆ ಹೊರಟದ್ದು ನಮ್ಮ ಮದುವೆಗಿಂತ ಮುಂಚೆಯಾ?

ಅಝೀಝ್ ಬಕೆಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಈ ಅಲೆಯ ಬಗ್ಗೆ ಮೊಬೈಲಿನಲ್ಲಿ ಅರ್ಧ ನೋಡಿದ್ದ ವಿಡಿಯೋವನ್ನು ಪೂರ್ತಿ ನೋಡಿಯೇ ಮನೆಗೆ ಬರಬೇಕಿತ್ತು ಎಂದು ಅವನಿಗೆ ಈಗ ಅನಿಸಿತು.

ಮೈಮೂನ: ಎಷ್ಟು ದೊಡ್ಡದು ಈ ಅಲೆ?

ಅಝೀಝ್: ನೂರಾರು ಕಿಲೋಮೀಟರ್.

ಮೈಮೂನ: ಇಡೀ ಬಹ್ರೈನ್ ಅಷ್ಟಿಲ್ಲ! ಅದಕ್ಕೆ ಇಲ್ಲಿ ಪಾರ್ಕಿಂಗ್ ಎಲ್ಲಿ ಸಿಕ್ಕಿತು?

ಅಷ್ಟರಲ್ಲಿ ಬುರ್ಖಾ ತೊಟ್ಟು ಪ್ರಯಾಣಕ್ಕೆ ಸಿದ್ಧರಾಗಿದ್ದ ಕುಲ್ಸುಂ ಹೊರಗೇ ಬಂದುಬಿಟ್ಟರು.

ಕುಲ್ಸುಂ: ಮೋನೇ, ಸತ್ಯ ಹೇಳು. ಯಾವ ಗ್ರಹ? ಶನಿಯಾ, ರಾಹುವಾ?

ಅಝೀಝ್: ಅಯ್ಯೋ, ಭೂಮಿಯೇ ಗ್ರಹ ಮಾಮಿ!

ಕುಲ್ಸುಂ: ಅಸ್ತಗ್ಫಿರುಲ್ಲಾ! ಕಾಲಡಿಯದ್ದನ್ನೂ ಬಿಡಲಿಲ್ಲ ಇವ. ಗ್ರಹ ನಂಬುವವನ ಕೈಯಲ್ಲಿ ಮಗಳನ್ನು ಬಿಟ್ಟು ನಾನು ವಿಮಾನ ಹತ್ತುವುದಾ? ಮೈಮೂನಾ, ಟಿಕೆಟ್ ಮುಂದೆ ಹಾಕು.

ಅಝೀಝನ ಬಕೆಟ್ ಕೈಜಾರಿ ಬಿತ್ತು.

ಅಝೀಝ್: ವಲ್ಲಾಹಿ ಮಾಮಿ, ಗ್ರಹವೂ ಇಲ್ಲ, ಅಲೆಯೂ ಇಲ್ಲ! ದೋಣಿ ಕಟ್ಟಿದಲ್ಲೇ ಉಂಟು. ನಾನೂ ಜೆಫ್ರಿಯೂ ಹೋಟೆಲಲ್ಲಿ ಚಾ ಕುಡೀತಾ ಕ್ರಿಕೆಟ್ ನೋಡ್ತಾ ಕೂತದ್ದು. ನಾನು ಹೇಳಿದ್ದೆಲ್ಲ ಸುಳ್ಳು!

ಮೈಮೂನ ಸೊಂಟಕ್ಕೆ ಕೈ ಕೊಟ್ಟಳು. ಕುಲ್ಸುಂ ನಿಧಾನವಾಗಿ ಬುರ್ಖಾ ತೆಗೆದು ಮಡಚತೊಡಗಿದರು.

ಕುಲ್ಸುಂ: ಗ್ರಹ ಬಿಡಿಸಲಿಕ್ಕೆ ಒಂದು ವಾರ ಸಾಕಿತ್ತು ಮೋನೇ. ಸುಳ್ಳು ಬಿಡಿಸಬೇಕಾದರೆ ರಮಝಾನ್ ಕಳೀಬೇಕು.