ಗಂಟೆಗೆ ಎಷ್ಟು ಲೀಟರ್?

ನನ್ನ ಮನೆಯಲ್ಲಿ ಯಾವ ಪದಾರ್ಥ ಎಷ್ಟು ದಿನ ಬಾಳಿಕೆ ಬರುತ್ತದೆ ಎಂಬುದು ನನಗೆ ಗೊತ್ತಿರುತ್ತದೆ. ಇದನ್ನು ಜಾಣತನವೆಂದು ತಿಳಿದವರೂ ಇದ್ದಾರೆ, ಕಾಯಿಲೆಯೆಂದು ತಿಳಿದವರೂ ಇದ್ದಾರೆ. ಎರಡನೆಯ ಗುಂಪಿಗೆ ನಮ್ಮ ಮನೆಯವರೇ ಮುಖಂಡರು. ಸ್ನಾನದ ಸೋಪು ಹದಿನೇಳು ದಿನ. ಹಲ್ಲಿನ ಪೇಸ್ಟು, ಟ್ಯೂಬನ್ನು ಲಟ್ಟಣಿಗೆಯಿಂದ ಒತ್ತಿದ ಮೇಲಿನ ನಾಲ್ಕು ದಿನ ಸೇರಿಸಿದರೆ, ನಲವತ್ತೊಂದು. ಹೊಸ ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ಸಣ್ಣದಾಗಿ ‘ಗ್ಯಾ’ ಎಂದು ಬರೆಯುತ್ತೇನೆ. ಮೂವತ್ನಾಲ್ಕು ದಿನ ಬರುತ್ತದೆ. ಸೇಡಂನಿಂದ ನಾದಿನಿಯ ಸಂಸಾರ ಬಂದು ಹೋದರೆ ಇಪ್ಪತ್ತೆಂಟು. ನಮ್ಮ ಅತ್ತೆಯವರು ಇದ್ದಾಗ ಕ್ಯಾಲೆಂಡರನ್ನು ನಂಬುತ್ತಿರಲಿಲ್ಲ. ಸೌಟಿನಿಂದ ಸಿಲಿಂಡರಿನ ಹೊಟ್ಟೆಗೆ ಎರಡು ಬಾರಿ ಬಡಿದು, ವೈದ್ಯರಂತೆ ಕಿವಿಗೊಟ್ಟು, “ಇನ್ನ ಒಂದು ವಾರ ಐತಿ” ಎನ್ನುತ್ತಿದ್ದರು. ಅವರ ಸೌಟು ಹೇಳಿದ್ದಕ್ಕೂ ನನ್ನ ಕ್ಯಾಲೆಂಡರ್ ಹೇಳಿದ್ದಕ್ಕೂ ಒಂದು ದಿನದ ವ್ಯತ್ಯಾಸ ಬಂದರೆ ಆ ದಿನ ನಮ್ಮಿಬ್ಬರಲ್ಲಿ ಮಾತು ಕಡಿಮೆಯಾಗುತ್ತಿತ್ತು. ಇಂಥ ನಾನು ಒಂದು ಮೋಟಾರ್ ದೋಣಿಯ ವ್ಯವಹಾರದಲ್ಲಿ ಹೇಗೆ ಸಿಕ್ಕಿಕೊಂಡೆ ಎಂಬುದನ್ನು ಹೇಳಬೇಕು.

ಆಗ ಹೈದರಾಬಾದಿನಲ್ಲಿ ಎಲ್ಲರಿಗೂ ಏನಾದರೂ ಕೊಳ್ಳುವ ಹುಮ್ಮಸ್ಸು. ಊರಿನ ಪಶ್ಚಿಮಕ್ಕೆ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡ ಏಳಿಸುತ್ತಿದ್ದರು. ನಿನ್ನೆ ಮೊನ್ನೆ ಸೈಕಲ್ಲಿನ ಮೇಲೆ ಬರುತ್ತಿದ್ದ ಹುಡುಗರು ಇಂದು ಕಾರಿನ ಬಾಗಿಲನ್ನು ದೂರದಿಂದಲೇ ಕೀಲಿಯೊತ್ತಿ ಕುಂಯ್ ಅನ್ನಿಸುತ್ತಿದ್ದರು. ಶಂಶಾಬಾದಿನ ಹತ್ತಿರ ನಮ್ಮವರು ಎಂದೋ ಗೆಳೆಯರ ಒತ್ತಾಯಕ್ಕೆ ಕೊಂಡಿದ್ದ ಪ್ಲಾಟು ಒಂದಿತ್ತು. ಮುಳ್ಳುಕಂಟಿ, ನಾಲ್ಕು ಕಲ್ಲು, ಒಂದು ಹಾವಿನ ಹುತ್ತ. ಅಲ್ಲಿ ವಿಮಾನ ಇಳಿಯುತ್ತದೆ ಎಂದು ಸುದ್ದಿಯಾದದ್ದೇ, ಹುತ್ತದ ಸಮೇತ ಅದನ್ನು ಕೊಳ್ಳಲು ಮೂವರು ಪೈಪೋಟಿ ನಡೆಸಿದರು. ಹೀಗೆ ನಮ್ಮ ಜನ್ಮದಲ್ಲಿ ಮೊದಲ ಸಲ ಒಂದು ಇಡುಗಂಟು ಕೈಗೆ ಬಂತು. ಅದನ್ನು ಏನು ಮಾಡಬೇಕೆಂಬುದರಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ. ನಾವಿದ್ದದ್ದು ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ನಾಲ್ಕು ವರ್ಷಕ್ಕೆ ಇವರ ನಿವೃತ್ತಿ, ಆಮೇಲೆ ಮನೆ ಬಿಡಬೇಕು. ಎರಡು ಕೋಣೆಯ ಒಂದು ಫ್ಲಾಟು, ಅಡುಗೆಮನೆಗೆ ಪೂರ್ವದ ಕಿಟಕಿ: ನನ್ನ ಬೇಡಿಕೆ ಇಷ್ಟೇ.

ಇವರ ತಲೆಯಲ್ಲಿ ಬೇರೆಯೇ ಇತ್ತು. ಇಪ್ಪತ್ತೆಂಟು ವರ್ಷ ಆಫೀಸಿನಲ್ಲಿ ಕೂತು ಬೇರೆಯವರ ಪ್ರಯಾಣಕ್ಕೆ ಪಾಸು ಬರೆದುಕೊಟ್ಟ ಮನುಷ್ಯ. ತನ್ನದೆಂದು ಚಲಿಸುವ ವಸ್ತು ಒಂದು ಹಳೆಯ ಸ್ಕೂಟರ್ ಮಾತ್ರ, ಅದೂ ಒಂದು ಪಕ್ಕಕ್ಕೆ ಬಾಗಿಸಿ ಪೂಸಿ ಹೊಡೆದರಷ್ಟೇ ಚಾಲೂ ಆಗುವಂಥದ್ದು. ಆ ಆಸೆಗೆ ಎಣ್ಣೆ ಹೊಯ್ದವನು ನನ್ನ ಮೈದುನ ಶ್ರೀಧರ. ಅವನು ಅಮೀರ್‌ಪೇಟಿನ ಒಂದು ತರಬೇತಿ ಸಂಸ್ಥೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ. ಮುಂಜಾನೆ ತಾನು ಕಲಿತದ್ದನ್ನು ಸಂಜೆ ಇನ್ನೂರು ಜನರಿಗೆ ಕಲಿಸಬಲ್ಲವನಾದ್ದರಿಂದ ಅವನಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಒಂದು ಶನಿವಾರ ಅವನು ಇಂಟರ್‌ನೆಟ್ಟಿನಿಂದ ತೆಗೆದ ಎಂಟು ಹಾಳೆ ಹಿಡಿದು ಬಂದ.

“ಅಣ್ಣಾ, ಕಾರ್ ತಗೊಂಡು ಏನ್ ಮಾಡ್ತಿ? ಸಿಕಂದರಾಬಾದ್ ದಾಟೂದ್ರಾಗ ಒಂದು ತಾಸು. ನೀರಿನ ಮ್ಯಾಲೆ ನೋಡು, ಸಿಗ್ನಲ್ ಇಲ್ಲ, ಆಟೋ ಇಲ್ಲ, ಎಮ್ಮಿ ಅಡ್ಡ ಬರೂದಿಲ್ಲ.”

ಸಂಗತಿ ಹೀಗಿತ್ತು. ಷೇರು ಏರಿದಾಗ ಸಾಫ್ಟ್‌ವೇರ್ ಕಂಪನಿಯೊಂದರ ಯಜಮಾನರು ಪೆಟ್ರೋಲಿನಿಂದ ಓಡುವ ಒಂದು ಮೋಟಾರ್ ಕ್ರೂಸರ್ ತರಿಸಿ, ಕೃಷ್ಣೆಯ ಹಿನ್ನೀರಿನಲ್ಲಿ ಕಟ್ಟಿಹಾಕಿ, ನಾಲ್ಕು ಸಲ ಅಡ್ಡಾಡಿದ್ದರು. ಷೇರು ಇಳಿದಾಗ ಬಂದ ಬೆಲೆಗೆ ಕೊಡಲು ಹೊರಟಿದ್ದರು. ಅವರ ಮಗ ಶ್ರೀಧರನ ಶಿಷ್ಯ. ಮೋಟಾರ್ ಕ್ರೂಸರ್ ಎಂದರೆ ಬರೀ ದೋಣಿಯಲ್ಲ, ಕೋಣೆಯುಳ್ಳ ದೋಣಿ. ಒಳಗೆ ಎರಡು ಹಾಸಿಗೆ, ಒಂದು ಮೇಜು.

“ಒಲಿನೂ ಐತಿ ವೈನಿ!” ಎಂದ ಶ್ರೀಧರ, ನನ್ನನ್ನು ಒಲಿಸಿಕೊಳ್ಳಲು. “ನೀವು ಅಲ್ಲೇ ಅಡಗಿ ಮಾಡಬಹುದು.”

ಮನೆ ಬಿಟ್ಟು, ಊರು ಬಿಟ್ಟು, ನೆಲವನ್ನೇ ಬಿಟ್ಟು ನೀರಿನ ಮೇಲೆ ಹೋದರೂ ನನಗೆ ಒಲೆಯ ಮುಂದಿನ ಜಾಗ ಕಾದಿರಿಸಿದ್ದಾರಲ್ಲ ಎಂದು ಕಣ್ಣು ತುಂಬಿ ಬಂತು. “ಡೀಸೆಲ್ಲಿಂದು ಯಾಕ ಬ್ಯಾಡೋ?” ಎಂದೆ, ಏನಾದರೂ ಕೇಳಬೇಕಲ್ಲ ಎಂದು.

“ಡೀಸೆಲ್ ಎಂಜಿನ್ ಭಾಳ ತುಟ್ಟಿ. ಹೊಸಬರು ಪೆಟ್ರೋಲಿಂದು ತಗೋಬೇಕು ಅಂತ ಇಲ್ಲಿ ಬರದಾರ. ಅಗ್ಗ ಬೀಳ್ತೈತಿ.”

“ಕೊಳ್ಳೂದು ಅಗ್ಗ. ಕುಡಿಸೂದು?”

ಅಣ್ಣತಮ್ಮಂದಿರು ಹಾಳೆ ತಿರುವತೊಡಗಿದರು. ಅದು ಎಂಟನೆಯ ಹಾಳೆಯಲ್ಲಿತ್ತು, ಅವರಿನ್ನೂ ಅಲ್ಲಿಗೆ ಮುಟ್ಟಿರಲಿಲ್ಲ. ಸೋಮವಾರ ಬೇರೆ ಯಾರೋ ನೋಡಲು ಬರುವವರಿದ್ದಾರಂತೆ, ಭಾನುವಾರವೇ ಮುಂಗಡ ಕೊಟ್ಟರೆ ನಮ್ಮದು. ಇವರು ಚೆಕ್‌ಬುಕ್ಕನ್ನು ಅಂಗಿಯ ಜೇಬಿಗಿಟ್ಟುಕೊಂಡದ್ದನ್ನು ನೋಡಿದೆ. ನನ್ನ ಪೂರ್ವದ ಕಿಟಕಿ ಆ ಜೇಬಿನಲ್ಲಿ ಮಡಚಿ ಕೂತಿತ್ತು. “ನಾನೂ ಬರ್ತೀನಿ” ಎಂದು ಬುತ್ತಿ ಕಟ್ಟಿದೆ.

ಭಾನುವಾರ ಮುಂಜಾನೆ ಬಾಡಿಗೆ ಕಾರು. ಓಡಿಸಿ ನೋಡುವ ಪೆಟ್ರೋಲು ನಮ್ಮದೇ ಎಂದು ಮೊದಲೇ ಹೇಳಿದ್ದರಿಂದ, ಡಿಕ್ಕಿಯಲ್ಲಿ ಇಪ್ಪತ್ತು ಲೀಟರಿನ ಎರಡು ಕ್ಯಾನು. ಮೂರೂವರೆ ತಾಸು ಆ ವಾಸನೆ ಕುಡಿಯುತ್ತ ಹೋದೆವು; ಬುತ್ತಿಯ ಜೋಳದ ರೊಟ್ಟಿಯೂ ಕುಡಿದಿತ್ತೆಂದು ಆಮೇಲೆ ತಿಳಿಯಿತು. ದಡದಲ್ಲಿ ದೋಣಿಯ ಉಸ್ತುವಾರಿ ಖಾಜಾಮಿಯಾ ಕಾದಿದ್ದರು. ಬೆಳ್ಳನೆಯ ಗಡ್ಡ, ಬನಿಯನ್ನು, ಕೊರಳಲ್ಲಿ ಎಂಜಿನ್ನಿನ ಕೀಲಿ. ದೋಣಿ ಮಾತ್ರ ಮದುಮಗನ ಹಾಗೆ ಬಿಳಿಯಾಗಿ, ಮೂಗು ಮೇಲೆತ್ತಿಕೊಂಡು ನಿಂತಿತ್ತು. ಇವರು ಅದರ ಸುತ್ತ ಎರಡು ಸಲ ನೋಡಿ, ನಮ್ಮ ದೇಶದ ಯಾವ ಗಂಡಸಾದರೂ ಕೇಳುವ ಪ್ರಶ್ನೆಯನ್ನು ಕೇಳಿದರು:

“ಮೈಲೇಜ್ ಕಿತ್ನಾ ದೇತಾ?”

ಖಾಜಾಮಿಯಾ ಕಣ್ಣು ಕಿರಿದು ಮಾಡಿದರು. “ಪಾನೀ ಮೇ ಮೈಲೇಜ್ ಕಾಯ್ಕಾ ಸಾಬ್? ಇಸ್ಕೂ ಘಂಟೇ ಕಾ ಹಿಸಾಬ್ ಹೈ.”

ನೀರಿನಲ್ಲಿ ಮೈಲೇಜ್ ಎಲ್ಲಿಯದು, ಇದಕ್ಕೆ ಗಂಟೆಯ ಲೆಕ್ಕ ಎಂದರೂ ಇವರು ಬಿಡಲಿಲ್ಲ. ಒಂದು ಲೀಟರಿಗೆ ಎಷ್ಟು ಕಿಲೋಮೀಟರ್ ಹೋಗುತ್ತದೆ, ಅಂದಾಜು ಹೇಳಿ ಎಂದರು. ಶ್ರೀಧರ ಹಾಳೆಯ ಹಿಂದೆ ಭಾಗಾಕಾರ ಶುರು ಮಾಡಿದ. ಗಾಳಿ ಎದುರಾದರೆ ಒಂದು, ಹಿಂದಿದ್ದರೆ ಒಂದು, ನಾಲ್ಕು ಜನ ಕೂತರೆ ಬೇರೆ ಎಂದು ಮಿಯಾ ಹೇಳುತ್ತ ಹೋದಂತೆ ಇವನ ಭಾಗಾಕಾರ ಮುರಿದು ಮುರಿದು ಬಿತ್ತು. ಸ್ಕೂಟರಿನಿಂದ ಲೋಕವನ್ನು ಅಳೆದವರಿಗೆ ಗಂಟೆಯ ಲೆಕ್ಕ ಹೊಳೆಯುವಂತೆಯೇ ಇರಲಿಲ್ಲ. ನನಗೆ ಮಾತ್ರ ಮೊದಲ ಮಾತಿಗೇ ಹೊಳೆಯಿತು. ಒಲೆಯ ಮುಂದೆ ನಿಂತವಳಿಗೆ ಕಿಲೋಮೀಟರ್ ಎಲ್ಲಿಂದ ಬರಬೇಕು? ಉರಿ ಎಷ್ಟು ಹೊತ್ತು ಉರಿಯಿತು, ಎಷ್ಟು ದೊಡ್ಡದಾಗಿ ಉರಿಯಿತು, ಇಷ್ಟೇ ಪ್ರಶ್ನೆ.

“ಸಣ್ಣ ಉರಿಗೆ ಎಷ್ಟು, ದೊಡ್ಡ ಉರಿಗೆ ಎಷ್ಟು ಕೇಳ್ರಿ” ಎಂದೆ.

ಮಿಯಾ ನನ್ನ ಕಡೆ ತಿರುಗಿದರು. ಕಲಬುರಗಿಯ ಕಡೆ ಲಾರಿ ಓಡಿಸಿದ್ದರಂತೆ, ಕನ್ನಡ ತಿಳಿಯುತ್ತಿತ್ತು. “ಅಮ್ಮಾರು ಬರೋಬರ್ ಕೇಳಿದ್ರು ನೋಡ್ರಿ. ಮೆಲ್ಲಕ ಹೋದ್ರ ಗಂಟೆಗ ಏಳೆಂಟು ಲೀಟರ್. ಜೋರ್ ಹೊಡದ್ರ ಮೂವತ್ತೈದು.”

ಇವರ ಕೈ ತಾನಾಗಿ ಜೇಬಿನ ಮೇಲೆ ಹೋಯಿತು. ನಾನು ಬಿಡಲಿಲ್ಲ. ಪಂಪು ಎಲ್ಲಿದೆ? ಹದಿನೆಂಟು ಕಿಲೋಮೀಟರ್. ತರುವುದು ಹೇಗೆ? ಆಟೋದಲ್ಲಿ. ಆಟೋ ಏನು ಕುಡಿಯುತ್ತದೆ? ಅದೂ ಪೆಟ್ರೋಲು. ಆಟೋದವನು? ಚಹಾ. ಶ್ರೀಧರನ ಎಂಟನೆಯ ಹಾಳೆಯಲ್ಲಿ ಇನ್ನೊಂದು ಸಂಗತಿಯಿತ್ತು: ಟಾಕಿಯ ಮೂರನೇ ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ಬರುವುದಕ್ಕೆ, ಉಳಿದ ಪಾಲನ್ನು ಆಪತ್ತಿಗೆ ಬಿಡಬೇಕು. ಅದನ್ನು ಬರೆದವರು ಯಾವ ದೇಶದವರೋ, ಅವರ ಮನೆಯಲ್ಲಿ ಎರಡನೆಯ ಸಿಲಿಂಡರ್ ಇರುವುದು ಖಂಡಿತ. ಅಂದರೆ ನಾವು ಕೊಂಡ ಪೆಟ್ರೋಲಿನಲ್ಲಿ ಯಾವಾಗಲೂ ಮೂರನೇ ಪಾಲು ಉರಿಯದೆಯೇ ಕೂತಿರುತ್ತದೆ. ನಾನು ದಡದ ಮರಳಿನ ಮೇಲೆ ಕಡ್ಡಿಯಿಂದ ಬರೆದೆ. ತಿಂಗಳಿಗೆ ಎರಡು ಭಾನುವಾರ, ಎರಡೆರಡು ತಾಸು, ಮಲ್ಕಾಜ್‌ಗಿರಿಯಿಂದ ಕಾರು, ಆಟೋ, ಚಹಾ. ಕೂಡಿಸಿದಾಗ ಬಂದ ಮೊತ್ತ ಇವರ ಸಂಬಳದ ಹತ್ತಿರ ಬಂದು, ಸ್ವಲ್ಪ ಹೊತ್ತು ನಿಂತು, ದಾಟಿ ಹೋಯಿತು. ಮೂವರೂ ಗಂಡಸರು ಮರಳನ್ನು ನೋಡುತ್ತ ನಿಂತರು. ಇವರ ಮುಖ ಸಣ್ಣದಾಗಿತ್ತು. ನನಗೆ ಪಾಪ ಎನ್ನಿಸಿತು; ಗೆದ್ದವರಿಗೆ ಹಾಗೆ ಅನ್ನಿಸುವುದು ಸುಲಭ.

“ಹೆಂಗೂ ಪೆಟ್ರೋಲ್ ತಂದೀರಿ, ಒಂದ್ ಸುತ್ತು ಹೋಗಿ ಬರೂಣು” ಎಂದರು ಖಾಜಾಮಿಯಾ.

ಹತ್ತಿದೆವು. ಮೊದಲು ಇವರು ಚುಕ್ಕಾಣಿ ಹಿಡಿದರು. ಒಂದು ಕಣ್ಣು ನೀರಿನ ಮೇಲೆ, ಒಂದು ಕಣ್ಣು ಪೆಟ್ರೋಲಿನ ಮುಳ್ಳಿನ ಮೇಲೆ. ಏಳು ಲೀಟರಿನ ಸಣ್ಣ ಉರಿ. ದೋಣಿ ಗುಡುಗುಡು ಎನ್ನುತ್ತ ಬಾಣಂತಿಯ ಹಾಗೆ ಹೊರಟಿತು. ಅಷ್ಟರಲ್ಲಿ ಸಣ್ಣ ಎಂಜಿನ್ ಕಟ್ಟಿಕೊಂಡ ಮೀನುಗಾರರ ದೋಣಿಯೊಂದು ನಮ್ಮನ್ನು ಹಿಂದಕ್ಕೆ ಹಾಕಿ ಹೋಯಿತು. ಅದರಲ್ಲಿ ಬುಟ್ಟಿ ತಬ್ಬಿ ಕೂತಿದ್ದ ಮುದುಕಿ ನಮ್ಮ ಬಿಳಿಯ ದೋಣಿಯನ್ನೂ ನಮ್ಮನ್ನೂ ನೋಡಿ, “ಪಾಪಂ, ಪಾಡೈಪೋಯಿಂದಾ?” ಎಂದು ಕೂಗಿದಳು. ಕೆಟ್ಟು ನಿಂತಿದೆಯೇ ಎಂದು ತೆಲುಗಿನಲ್ಲಿ ಅವಳ ಕಳಕಳಿ.

ಇವರು ಬೇಸತ್ತು ಕೈಬಿಟ್ಟರು. ಶ್ರೀಧರನಿಗೆ ಈಜು ಬರುವುದಿಲ್ಲವೆಂದು ಅಲ್ಲಿ ನೆನಪಾಗಿತ್ತು. “ಅಮ್ಮಾರ, ನೀವು ಹಿಡೀರಿ” ಎಂದರು ಮಿಯಾ. ತಮಾಷೆಗೆ ಹಿಡಿದೆ. ಪಕ್ಕದಲ್ಲಿ ಒಂದು ಹಿಡಿಕೆ. ಅದನ್ನು ಮುಂದಕ್ಕೆ ನೂಕಿದರೆ ದೊಡ್ಡ ಉರಿ. ನಾನು, ಹಾಲು ಕಾಯಿಸುವಾಗಲೂ ಉರಿಯನ್ನು ಪಾತ್ರೆಯ ತಳ ದಾಟಗೊಡದವಳು, ಅದನ್ನು ಪೂರಾ ನೂಕಿಬಿಟ್ಟೆ.

ಏನಾಯಿತೆಂದು ಹೇಳುವುದು ಕಷ್ಟ. ದೋಣಿಯ ಮೂಗು ಎದ್ದಿತು, ಆಮೇಲೆ ದೋಣಿಯೇ ನೀರಿನಿಂದ ಎದ್ದಂತಾಯಿತು. ಸೆರಗು ಹಿಂದೆ ಹಾರಿ ಶ್ರೀಧರನ ಮುಖಕ್ಕೆ ಸುತ್ತಿಕೊಂಡಿತು. ಎರಡೂ ಕಡೆ ನೀರು ಸೀಳಿ ಬಿಳಿಯಾಗಿ ನಿಂತಿತು, ಗುಡ್ಡಗಳು ನಮ್ಮ ಕಡೆಗೆ ಬರತೊಡಗಿದವು. ಮುದುಕಿಯ ದೋಣಿಯನ್ನು ದಾಟಿದಾಗ ನಾನು ಕೈಬೀಸಿ ಕೂಗಿದೆನಂತೆ. ನನಗೆ ನೆನಪಿಲ್ಲ, ಇವರು ಹೇಳಿದ್ದು.

“ವೈನಿ, ಮುಳ್ಳು ನೋಡ್ರಿ! ಮುಳ್ಳು!” ಸೆರಗಿನೊಳಗಿಂದ ಶ್ರೀಧರ ಒದರುತ್ತಿದ್ದ.

ನೋಡಲಿಲ್ಲ. ಐವತ್ತು ವರ್ಷದಲ್ಲಿ ಮೊದಲ ಬಾರಿಗೆ ಒಂದು ವಸ್ತು ಎಷ್ಟು ಉಳಿದಿದೆ ಎಂದು ನಾನು ನೋಡಲಿಲ್ಲ. ಮುಕ್ಕಾಲು ತಾಸಿನ ಮೇಲೆ ಖಾಜಾಮಿಯಾ ನಯವಾಗಿ ನನ್ನ ಕೈಯನ್ನು ಹಿಡಿಕೆಯಿಂದ ಬಿಡಿಸಿದಾಗ, ನಾವು ಮುಟ್ಟಬಾರದ ಆ ಮೂರನೇ ಪಾಲಿನ ಒಳಗೆ ಬಂದಿದ್ದೆವು.

ದಡದಲ್ಲಿ ಇವರು ಖಾಜಾಮಿಯಾರಿಗೆ ಕೈ ಮುಗಿದರು. “ಬ್ಯಾಡ್ರಿ. ನಮ್ಮಾಕಿ ಲೆಕ್ಕ ನೋಡಿದ ಮ್ಯಾಲ ಮನಸ್ಸು ಆಗವಲ್ದು.” ಚೆಕ್‌ಬುಕ್ಕು ಜೇಬಿನಿಂದ ಹೊರಗೆ ಬರಲೇ ಇಲ್ಲ.

ಮರಳುವ ದಾರಿಯಲ್ಲಿ, ನಲ್ಗೊಂಡದ ಆಚೆ, ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದೆ: “ಏನ್ರಿ, ಸಣ್ಣ ಉರಿಗೆ ಹೋದ್ರ ಗಂಟೆಗೆ ಏಳೇ ಲೀಟರ್ ಅಲ್ಲೇನು?”

“ಏಳು ಖರೆ. ಪಂಪಿಗೆ ಹೋಗೋ ಆಟೋ?”

“ಕ್ಯಾನಿನ್ಯಾಗ ಊರಿಂದನ ಒಯ್ದ್ರ?”

“ಊರಿಂದ ಒಯ್ಯೋ ಕಾರು? ಆಪತ್ತಿನ ಪಾಲು? ಎಲ್ಲಾ ನೀನೇ ಬರದಿದ್ದಿ ಅಲಾ ಮರಳಿನ್ಯಾಗ.”

“ತಿಂಗಳಿಗೆ ಒಂದು ಭಾನುವಾರ ಅಂದ್ರ…”

“ಸುನಂದಾ,” ಎಂದರು ಇವರು, ಎಂದೂ ಇಲ್ಲದ ಮೃದುವಾದ ಧ್ವನಿಯಲ್ಲಿ, “ನನ್ನ ಸಮಾಧಾನಕ್ಕ ಇಷ್ಟು ಹೇಳಬ್ಯಾಡ. ನನಗೇನೂ ಬ್ಯಾಸರಿಲ್ಲ. ನಿನ್ನ ಲೆಕ್ಕದಾಗ ಒಂದು ತಪ್ಪಿಲ್ಲ.”

ಹುಡುಕಿದೆ. ಮನೆ ಮುಟ್ಟುವವರೆಗೂ, ಒಂದಾದರೂ ತಪ್ಪು ಸಿಕ್ಕೀತೆಂದು ಮನಸ್ಸಿನಲ್ಲೇ ಮತ್ತೆ ಮತ್ತೆ ಕೂಡಿಸಿದೆ. ಎಷ್ಟು ಸಲ ಕೂಡಿಸಿದರೂ ಅಷ್ಟೇ ಬಂತು.

ಆ ಹಣದಿಂದ ಮಲ್ಕಾಜ್‌ಗಿರಿಯಲ್ಲೇ ಫ್ಲಾಟು ಕೊಂಡೆವು. ಗೃಹಪ್ರವೇಶದ ದಿನ ಇವರು ಬಂದವರಿಗೆಲ್ಲ ದೋಣಿಯ ಕಥೆ ಹೇಳಿ, “ಇಕಿ ಇಲ್ಲದಿದ್ರ ಇವತ್ತು ನಾವು ನೀರಿನ್ಯಾಗ” ಎಂದು ನಗಿಸಿದರು. ನಾದಿನಿ ನನ್ನ ಕೆನ್ನೆ ಸವರಿ ನೆಟಿಗೆ ತೆಗೆದಳು. ಆಮೇಲಿಂದ ನೆರೆಹೊರೆಯ ಹೆಂಗಸರು, ಗಂಡಂದಿರಿಗೆ ಕಾರಿನ ಹುಚ್ಚು ಹತ್ತಿದಾಗಲೆಲ್ಲ ಅವರನ್ನು ನನ್ನ ಹತ್ತಿರ ಕಳಿಸುತ್ತಾರೆ. ನಾನು ಕೂರಿಸಿ, ಚಹಾ ಕೊಟ್ಟು, ಪೆಟ್ರೋಲಿನ ಲೆಕ್ಕ ಹಾಕಿ, ಹುಚ್ಚು ಬಿಡಿಸಿ ಕಳಿಸುತ್ತೇನೆ. ಕಳೆದ ವಾರ ಮಾತ್ರ ಮೂರನೆಯ ಮಹಡಿಯ ರೆಡ್ಡಿಯವರು ಹೊಸ ಕಾರಿನ ಕಾಗದಗಳನ್ನು ಹಿಡಿದು ಬಂದಾಗ, ಅವರ ಹೆಂಡತಿ ಹಿಂದೆ ನಿಂತು ಕಣ್ಸನ್ನೆ ಮಾಡುತ್ತಿದ್ದರೂ, ನನ್ನ ಬಾಯಿಂದ ಮೊದಲು ಬಂದ ಪ್ರಶ್ನೆ ಮೈಲೇಜಿನದಾಗಿರಲಿಲ್ಲ. “ಜೋರಾಗಿ ಹೋಗ್ತದೇನ್ರಿ?” ಎಂದು ಕೇಳಿಬಿಟ್ಟಿದ್ದೆ.