ರಾಡಿಯಲ್ಲಿ ಘೋಡಿ, ನನ್ನ ಕಾಲಲ್ಲಿ ಬೂಟು

ನನ್ನ ಅಕ್ಷರ ದುಂಡಗಿಲ್ಲ, ಮಾತಿನ ಜೋಡಣೆಯೂ ಬರುವುದಿಲ್ಲ. ಆದ್ದರಿಂದ ಮೊದಲಿಗೇ ಓದುವವರ ಕ್ಷಮೆ ಕೇಳಿ ಆರಂಭಿಸುತ್ತೇನೆ. ಮೂರನೆಯ ಇಯತ್ತೆಗೆ ನನ್ನ ಶಾಲೆ ಮುಗಿಯಿತು. ನಾಲ್ಕು ಮಂದಿಯ ಮುಂದೆ ಬಾಯಿ ತೆರೆಯಲು ಈ ವಯಸ್ಸಿನಲ್ಲಿಯೂ ನಾಚಿಕೆಯಾಗುತ್ತದೆ. ಆದರೆ ಮಳೆಗಾಲ ಬಂದಿತೆಂದರೆ ನನ್ನ ಕಾಲಿಗೂ ನಮ್ಮೂರ ರಾಡಿಗೂ ಏನಾದರೊಂದು ನಡೆದೇ ನಡೆಯುತ್ತದೆ. ಊರವರು ಅದನ್ನು ತಮಗೆ ತಿಳಿದಂತೆ ಹೇಳಿ ನಗುತ್ತಾರೆ. ನಡೆದದ್ದು ನಡೆದ ಹಾಗೆ ಇರಲಿ ಎಂದು ನಾನೇ ಬರೆಯಲು ಕುಳಿತಿದ್ದೇನೆ.

ನಮ್ಮ ಮನೆ ಹುಮನಾಬಾದಿನ ಹತ್ತಿರ ದುಬಲಗುಂಡಿಯ ಅಂಚಿನಲ್ಲಿದೆ. ಎಮ್ಮೆಯ ಕೊಟ್ಟಿಗೆ ಹೊಲದಲ್ಲಿದೆ. ನಡುವಿನ ದಾರಿ ಎರೆಮಣ್ಣಿನದು. ಮಳೆ ಬಿದ್ದ ಮೇಲೆ ಅಲ್ಲಿ ಮೋಟಾರು ಸೈಕಲ್ಲಿನ ಗಾಲಿ ತಿರುಗುವುದಿಲ್ಲ. ಆದರೆ ನಮ್ಮಲ್ಲಿ ಒಂದು ಬಿಳಿ ಘೋಡಿ, ಎಂದರೆ ಹೆಣ್ಣು ಕುದುರೆ, ಇದೆ. ಮದುವೆಯ ಮೆರವಣಿಗೆಯಲ್ಲಿ ಮದುಮಗನನ್ನು ಕೂಡಿಸಲೆಂದು ನಮ್ಮ ಮನೆಯವರು ಸಾಕಿದ್ದು. ಬ್ಯಾಂಡು ಕೇಳಿದರೆ ಕುಣಿಯುವಂತೆ ಪಳಗಿಸಿದ್ದು. ಅವರ ಮೊಣಕಾಲು ಕೆಟ್ಟ ಮೇಲೆ ಅದು ಕಟ್ಟಿದಲ್ಲಿಯೇ ನಿಂತಿತ್ತು. ನಾನು ಮೋರಖಂಡಿ ಊರಿನ ಮಗಳು. ಸಣ್ಣವಳಿದ್ದಾಗ ತಂದೆಯ ಕುದುರೆ ಹತ್ತಿ ರೂಢಿಯಿತ್ತು. ಸೀರೆಗೆ ಕಚ್ಚೆ ಹಾಕಿ, ಹಾಲಿನ ಕ್ಯಾನುಗಳನ್ನು ಜೀನಿಗೆ ತೂಗುಹಾಕಿ, ನಾನೇ ಹೊರಟೆ.

ಅತ್ತೆಯವರ ಚಪ್ಪಲಿ

ಮೊದಲ ಮಳೆಗೆ ನನ್ನ ಕಾಲಲ್ಲಿದ್ದದ್ದು ದಿನನಿತ್ಯದ ಚಪ್ಪಲಿ. ನಮ್ಮ ಮನೆಯ ಮುಂದೆ ಒಂದು ತಗ್ಗು ಇದೆ. ಮಳೆಗಾಲದಲ್ಲಿ ಅದು ರಾಡಿಯಿಂದ ತುಂಬಿರುತ್ತದೆ. ಘೋಡಿಯಿಂದ ಇಳಿಯುವಾಗ ಕಾಲು ಅದರಲ್ಲಿ ಹೋಯಿತು. ಕಾಲು ಹೊರಗೆ ಬಂತು, ಚಪ್ಪಲಿ ಬರಲಿಲ್ಲ. ಮೊಳಕೈವರೆಗೆ ಕೈ ಹಾಕಿ ಹುಡುಕಿ ಎಳೆದೆ. ತೊಳೆದು ನೋಡಿದರೆ ಅದು ನನ್ನದಲ್ಲ, ಹಿತ್ತಾಳೆಯ ಹೂವಿನ ಗುಂಡಿ ಇದ್ದ ಅತ್ತೆಯವರ ಚಪ್ಪಲಿ! ಹೋದ ಮಳೆಗಾಲದಲ್ಲಿ ಅದು ಕಳೆದಾಗ ಪಕ್ಕದ ಮನೆಯಾಕೆಯೇ ಕದ್ದಳೆಂದು ಓಣಿಗೆಲ್ಲ ಸಾರಿ, ಅತ್ತೆಯವರು ಆಕೆಯೊಂದಿಗೆ ಮಾತು ಬಿಟ್ಟಿದ್ದರು.

ನಾನು ಸಂತೋಷದಿಂದ ಒಯ್ದು ತೋರಿಸಿದೆ. ಅತ್ತೆಯವರು ಚಪ್ಪಲಿಯನ್ನು ನೋಡಿದರು, ಪಕ್ಕದ ಮನೆಯ ಬಾಗಿಲನ್ನು ನೋಡಿದರು.

"ಯಾರರೆ ನೋಡ್ಯಾರೇನು?"

"ಇಲ್ರಿ ಅತ್ತಿ."

"ಹಂಗಾದ್ರ ನಡಿ, ಹೊಳ್ಳಿ ಅಲ್ಲೇ ಹುಗದು ಬಾ!"

ನನ್ನ ದುಃಖಕ್ಕೆ ನಾನೇ ಕುಳಿತದ್ದು

ಚಪ್ಪಲಿಯನ್ನು ಮತ್ತೆ ತಗ್ಗಿನಲ್ಲಿ ಹುಗಿದು ಬಂದ ಬಳಿಕ ಹುಮನಾಬಾದಿನಲ್ಲಿ ರಬ್ಬರಿನ ಗಂಬೂಟು ಕೇಳಲು ಹೋದೆ. ಅಂಗಡಿಯವರು "ಯಾರಿಗ್ರಿ ಅಕ್ಕಾ?" ಎಂದರು. ನನಗೇ ಎನ್ನಲು ನಾಚಿಕೆಯಾಗಿ "ನಮ್ಮ ಮನಿಯವರಿಗ್ರಿ" ಎಂದುಬಿಟ್ಟೆ. ಅವರು ಗಂಡಸರ ಅಳತೆಯದನ್ನೇ ಕೊಟ್ಟರು. ಒಳಗೆ ನನ್ನ ಕಾಲು ಓಡಾಡುತ್ತಿತ್ತು. ಹೊರಗಿನಿಂದ ಮಾತ್ರ ಬೂಟು ಎಷ್ಟು ಅಗಲವೆಂದರೆ ರಿಕಾಬಿನಲ್ಲಿ ಹೋಗಿದ್ದು ಮತ್ತೆ ಬರುತ್ತಿರಲಿಲ್ಲ. ರಿಕಾಬು ಎಂದರೆ ಜೀನಿಗೆ ತೂಗುಬಿಟ್ಟ, ಸವಾರರು ಕಾಲಿಡುವ ಕಬ್ಬಿಣದ ಬಳೆ.

ಒಂದು ಮುಂಜಾನೆ ಹಾಲು ತರುವಾಗ ಹೊಲದ ಬೇಲಿಯ ಬಳಿ ಇಳಿಯಲು ಹೋದೆ. ಬೂಟು ರಿಕಾಬಿನಲ್ಲಿ ಉಳಿಯಿತು, ಕಾಲು ಬೂಟಿನಿಂದ ಜಾರಿತು, ನಾನು ರಾಡಿಯಲ್ಲಿ ಅಂಗಾತ ಬಿದ್ದು, ಏಳಲು ಹೋಗಿ ಬೋರಲಾಗಿಯೂ ಬಿದ್ದೆ. ಘೋಡಿ ಹಾಲನ್ನೂ ಬೂಟನ್ನೂ ಹೊತ್ತು ತಾನೇ ಮನೆಗೆ ಹೋಯಿತು.

ಸವಾರಳಿಲ್ಲದೆ ಬಂದ ಖಾಲಿ ಬೂಟನ್ನು ಕಂಡು ಅತ್ತೆಯವರು ಎದೆ ಬಡಿದುಕೊಂಡು ಅಳತೊಡಗಿದರಂತೆ. ನಾನು ಒಂಟಿ ಬೂಟಿನಲ್ಲಿ ಕುಂಟುತ್ತ ಬಂದಾಗ ಓಣಿಯೆಲ್ಲ ನೆರೆದಿತ್ತು. ತಲೆಯಿಂದ ಕಾಲಿನವರೆಗೆ ರಾಡಿ ಬಳಿದುಕೊಂಡಿದ್ದ ನನ್ನನ್ನು ಅತ್ತೆಯವರು ಗುರುತಿಸಲಿಲ್ಲ.

"ಯಾವ ಊರಾಕಿ ಯವ್ವಾ ನೀ? ನಮ್ಮ ಮನ್ಯಾಗ ದುಃಖ ಆಗೇದ, ಅಲ್ಲೇ ಕೂಡು" ಎಂದರು. ಅಷ್ಟು ಮಂದಿಯ ಮುಂದೆ ಮಾತಾಡಲಾರದೆ ನಾನು ಕುಳಿತೆ. ಅವರು ಮತ್ತೆ ಅತ್ತರು: "ಬಂಗಾರದಂಥ ಸೊಸಿರಿ! ಒಂದಿನ ಎದುರು ಮಾತಾಡಿದಾಕಿ ಅಲ್ಲ! ಆಕಿ ಕೈಯಾಗಿನ ರೊಟ್ಟಿ ಇನ್ನ ಎಲ್ಲಿ ಸಿಗಬೇಕು!"

ನಾನು ಆ ಮನೆಗೆ ಬಂದಾಗಿನಿಂದ ಅಂಥ ಮಾತು ಕೇಳಿದ್ದಿಲ್ಲ. ಆದ್ದರಿಂದ ಗುರುತು ಹೇಳುವುದಕ್ಕೆ ಸ್ವಲ್ಪ ತಡ ಮಾಡಿದೆ.

ಗುರುತು ಸಿಕ್ಕ ಮೇಲೆ ಎಲ್ಲವೂ ತಿರುಗಿಬಿತ್ತು. "ಇನ್ನೊಮ್ಮಿ ಬಿದ್ದಿ ಅಂದ್ರ ಘೋಡಿ ಈ ಮನ್ಯಾಗ ಇರಂಗಿಲ್ಲ. ಬಸವಕಲ್ಯಾಣದ ಸಾವಕಾರ್ರು ಕೇಳಾಕತ್ತಾರ, ಕೊಟ್ಟುಬಿಡ್ತೀನಿ" ಎಂದು ನಮ್ಮ ಮನೆಯವರು ಖಡಾಖಂಡಿತವಾಗಿ ಹೇಳಿದರು. ಆ ಸಾಹುಕಾರರು ಮದುವೆಗಳಿಗೆ ಕುದುರೆ ಬಾಡಿಗೆ ಕೊಡುವವರು. ತಪ್ಪು ಬೂಟಿನದು, ಘೋಡಿಯದಲ್ಲ. ಬೂಟನ್ನು ಬದಲಿಸುತ್ತೇನೆ, ಘೋಡಿಯನ್ನು ಬಿಡುವುದಿಲ್ಲ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಮಾಣಿಕನಗರದ ಕಟ್ಟೆ

ಎರಡನೆಯ ಬೂಟು ಹೆಂಗಸರದ್ದೇ. ಮೊಣಕಾಲಿನವರೆಗೆ ಉದ್ದ, ಪಕ್ಕದಲ್ಲಿ ಜಿಪ್ಪು, ಥಳಥಳ ಹೊಳಪು. ಅದನ್ನು ತೊಟ್ಟು ಹಾಲು ಮುಟ್ಟಿಸಿ, ಹಾಗೆಯೇ ಬಸ್ಸು ಹಿಡಿದು ಮಾಣಿಕನಗರದ ಬೀಗರ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋದೆ. ಹೊಸ್ತಿಲಲ್ಲಿ ಬಿಚ್ಚಲು ಬಗ್ಗಿದರೆ ಎರೆಮಣ್ಣು ಜಿಪ್ಪಿನ ಹಲ್ಲುಗಳಲ್ಲಿ ಒಣಗಿ ಕಲ್ಲಾಗಿತ್ತು. ಎಳೆದೆ, ಎಣ್ಣೆ ಬಿಟ್ಟೆ, ಬರಲಿಲ್ಲ. ಬೂಟುಗಾಲಲ್ಲಿ ಒಳಗೆ ಹೋಗುವ ಹಾಗಿಲ್ಲ. ಬೀಗತಿಗೆ ವಿಷಯ ತಿಳಿಸಿ ಹೊರಗಿನ ಕಟ್ಟೆಯ ಮೇಲೆಯೇ ಕುಳಿತೆ. ಹೋಳಿಗೆಯ ಎಲೆ ಅಲ್ಲಿಗೇ ಬಂತು.

ಕಾರ್ಯಕ್ಕೆ ಬಂದ ಹೆಂಗಸರು ಬೀಗತಿಯನ್ನು ಕೇಳಿದರು: "ಆಕಿ ಯಾಕ ಒಳಗ ಬರವಲ್ಲಳು?"

ಬೀಗತಿ ನನ್ನ ಮಾನ ಕಾಯಲೆಂದು "ಆಕಿದು ಒಂದು ನೇಮ ಅದರಿ" ಎಂದಳು.

ಅಷ್ಟೇ ಸಾಕಾಯಿತು. ಹೋಗುವಾಗ ಒಬ್ಬ ಮುದುಕಿ ಬೂಟಿನ ಮೇಲೆ ಎರಡು ಹೂವಿಟ್ಟು, ಎರಡೂ ಬೂಟಿಗೆ ಹಣೆ ಹಚ್ಚಿ ನಮಸ್ಕರಿಸಿ ಹೋದಳು. ಮನೆಗೆ ಬಂದು ಕತ್ತರಿಯಿಂದ ಆ ಬೂಟನ್ನು ಕತ್ತರಿಸುವ ಮೊದಲು ನಾನೂ ಒಮ್ಮೆ ಅದಕ್ಕೆ ಕೈ ಮುಗಿದೆ.

ಚೀಲದಲ್ಲಿ ರಿಕಾಬು

ಮೂರನೆಯ ಸಲ ನಾನು ನಾಚಿಕೆಯನ್ನು ಮನೆಯಲ್ಲಿಯೇ ಇಟ್ಟು, ಜೀನಿನಿಂದ ಒಂದು ರಿಕಾಬನ್ನು ಬಿಚ್ಚಿ ಕೈಚೀಲದಲ್ಲಿ ಹಾಕಿಕೊಂಡು ಬಸವಕಲ್ಯಾಣಕ್ಕೆ ಹೋದೆ. ಏನು ಬೇಕೆಂಬುದು ಈಗ ನನಗೆ ಚೆನ್ನಾಗಿ ತಿಳಿದಿತ್ತು. ಜಿಪ್ಪು ಇರಬಾರದು, ದಾರ ಇರಬಾರದು. ರಿಕಾಬಿನಲ್ಲಿಟ್ಟಾಗ ಬೂಟಿನ ಎರಡೂ ಬದಿಗೆ ಒಂದೊಂದು ಬೆರಳಿನ ಜಾಗ ಉಳಿಯಬೇಕು. ಕಾಲು ಮುಂದಕ್ಕೆ ಜಾರಿ ಸಿಕ್ಕಿಹಾಕಿಕೊಳ್ಳದಂತೆ ಹಿಂದೆ ಸಣ್ಣ ಹಿಮ್ಮಡಿ ಇರಬೇಕು. ಅಡಿಯಲ್ಲಿ ಗೀರು ಇರಬೇಕು. ಆದರೆ ರಾಡಿ ತುಂಬಿಕೊಳ್ಳುವಷ್ಟು ಆಳ ಇರಬಾರದು. ಮೇಲೆ ನೀರು ಹೋಗದಂತೆ ಮೀನಖಂಡಕ್ಕೆ ಒತ್ತಿ ಕೂಡಬೇಕು.

ಅಂಗಡಿಯವರಿಗೆ ರಿಕಾಬಿನ ಪಟ್ಟಿ ಹಿಡಿಯಲು ಹೇಳಿ, ಸ್ಟೂಲಿನ ಮೇಲೆ ಕುಳಿತು, ಒಂದೊಂದೇ ಬೂಟು ತೊಟ್ಟು ಬಳೆಯಲ್ಲಿ ಕಾಲಿಟ್ಟು ತೆಗೆದು ನೋಡಿದೆ. ಅಷ್ಟರಲ್ಲಿ ಮದುವೆಗೆ ಬೂಟು ಕೊಳ್ಳಲು ಬಂದವನೊಬ್ಬ ನಿಂತು ನೋಡಿದ.

"ಇದು ಹೊಸಾ ಅಳತಿ ಏನ್ರಿ? ನಂದೂ ನೋಡ್ರಿ."

ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಒಂದು ಪೂರ್ತಿ ಬೀಗರ ಪರಿವಾರ. ಎಲ್ಲರೂ ಬಳೆಯಲ್ಲಿ ಕಾಲಿಟ್ಟು "ಬರೋಬ್ಬರಿ ಅದ" ಎಂದು ಬೂಟು ಕೊಂಡು ಹೋದರು. ಕೊನೆಗೆ ಕಾರ್ಖಾನೆಯ ಕೆಲಸದವರಿಗೆಂದು ತರಿಸಿದ, ಸಣ್ಣ ಅಳತೆಯ, ಸಪೂರವಾದ ಕಪ್ಪು ರಬ್ಬರ್ ಬೂಟೊಂದು ನನ್ನ ಎಲ್ಲ ಪರೀಕ್ಷೆಯಲ್ಲಿಯೂ ಗೆದ್ದಿತು. ಅಂಗಡಿಯವರು ಕೈ ಮುಗಿದು ಹೇಳಿದರು:

"ಅಕ್ಕಾ, ಬೂಟ ಒಯ್ರಿ. ಆ ಬಳಿ ಮಾತ್ರ ಇಲ್ಲೇ ಬಿಟ್ಟು ಹೋಗ್ರಿ!"

ಗಣಪತಿ ಬಂದ ದಿನ

ಗಣಪತಿ ಕೂಡಿಸುವ ದಿನ ಜೋರು ಮಳೆ ಬಂದು ನಿಂತಿತ್ತು. ನಾನು ಹಾಲಿನೊಂದಿಗೆ ಹೊಲದಿಂದ ಬಂದರೆ ನಮ್ಮ ಕಟ್ಟೆಯ ಮೇಲೆ ಬಸವಕಲ್ಯಾಣದ ಸಾಹುಕಾರರು ಚಹಾ ಕುಡಿಯುತ್ತ ಕುಳಿತಿದ್ದರು. ನಮ್ಮ ಮನೆಯವರು ನನ್ನ ಮುಖ ನೋಡಲಿಲ್ಲ. ನಾನು ಮತ್ತೆ ಬೀಳುವ ಮೊದಲೇ ಘೋಡಿಯನ್ನು ಕೇಳಲು ಬಂದಿದ್ದಾರೆಂದು ತಿಳಿಯಿತು. ಸರಿಯಾಗಿ ಆಗಲೇ ಗಣಪತಿಯ ಬ್ಯಾಂಡು ನಮ್ಮ ಓಣಿಗೆ ತಿರುಗಿತು.

ಘೋಡಿ ತಗ್ಗಿನ ನಡುವೆ ನಿಂತು ಕಿವಿ ನೆಟ್ಟಗೆ ಮಾಡಿತು. ಮುಂಗಾಲು ಎತ್ತಿ ಕುಣಿಯತೊಡಗಿತು. ಕ್ಯಾನುಗಳು ಢಣಢಣ ಎಂದವು, ರಾಡಿ ಗೋಡೆಗೆ ಹಾರಿತು, ಮಂದಿ ಸಿಳ್ಳೆ ಹಾಕಿದರು. ಪಕ್ಕದ ಮನೆಯಾಕೆಯೂ ಹೊರಗೆ ಬಂದು ನಿಂತಳು. ಬೀಳುವುದಿಲ್ಲ, ಬೀಳುವುದಿಲ್ಲ ಎನ್ನುತ್ತ ನಾನು ಹಿಮ್ಮಡಿ ಕೆಳಗೊತ್ತಿ ಕುಳಿತೆ. ಬೂಟು ಅತ್ತಿತ್ತ ಜಾರಲಿಲ್ಲ. ಬ್ಯಾಂಡು ನಿಂತಿತು, ಕಾಲು ರಿಕಾಬಿನಿಂದ ಸಲೀಸಾಗಿ ಹೊರಬಂತು, ನಾನು ನೆಟ್ಟಗೆ ಇಳಿದೆ.

ಅತ್ತೆಯವರು ಎದ್ದು ನಿಂತು ಎಲ್ಲರಿಗೂ ಕೇಳುವಂತೆ "ನೋಡ್ರಿ, ಬೂಟ ಅಂದ್ರ ಹಿಂಗಿರಬೇಕು" ಎಂದರು.

"ಬೂಟಿನಾಗ ಏನದ ಅವ್ವಾ? ಘೋಡಿನೇ ಶಾಣ್ಯಾ ಅದ" ಎಂದು ಸಾಹುಕಾರರು ನಕ್ಕರು. "ತಡೀರಿ, ನಾನೇ ಕೂತು ನೋಡ್ತೀನಿ." ಅವರ ಕಾಲಲ್ಲಿ ಕನ್ನಡಿಯಂತೆ ಹೊಳೆಯುವ, ಅಡಿ ನುಣುಪಾದ ಪೇಟೆಯ ಬೂಟು. ಹತ್ತಿ ಕುಳಿತು ಬ್ಯಾಂಡಿನವರಿಗೆ ಕೈ ಮಾಡಿದರು. ಘೋಡಿ ಒಂದು ಹೆಜ್ಜೆ ಕುಣಿಯಿತು. ಎರಡೂ ಬೂಟು ಒಮ್ಮೆಲೇ ರಿಕಾಬಿನಿಂದ ಜಾರಿದವು. ಸಾಹುಕಾರರು ತಗ್ಗಿನಲ್ಲಿ ಸೊಂಟದವರೆಗೆ ಕುಳಿತಿದ್ದರು.

ಅತ್ತೆಯವರು ಘೋಡಿಯ ಲಗಾಮು ಹಿಡಿದುಕೊಂಡರು. "ಮೊದಲ ಛಲೋ ಬೂಟ ತಗೋರಿ ಸಾವಕಾರ್ರೆ, ಆಮ್ಯಾಲ ಘೋಡಿ ತಗೊಳ್ಳಾಕ ಬರ್ರಿ. ಇದು ನನ್ನ ಸೊಸಿಗಿ ಬೇಕು."

ಸಾಹುಕಾರರು ಎದ್ದು ನೋಡಿದರೆ ಒಂದು ಕಾಲು ಬರಿದು. ಬಗ್ಗಿ, ರಾಡಿಯಲ್ಲಿ ಕೈ ಹಾಕಿ, ಬಹಳ ಹುಡುಕಿ ಏನನ್ನೋ ಎಳೆದು ಎತ್ತಿ ಹಿಡಿದರು. ರಾಡಿ ಇಳಿದುಹೋದ ಮೇಲೆ ಹಿತ್ತಾಳೆಯ ಹೂವಿನ ಗುಂಡಿ ಮಿಂಚಿತು.

ಪಕ್ಕದ ಮನೆಯಾಕೆ ಸೊಂಟಕ್ಕೆ ಕೈ ಇಟ್ಟು ಮುಂದೆ ಬಂದಳು. "ಯಕ್ಕಾ, ಈ ಚಪ್ಪಲಿ ಯಾರದು?"

ಅತ್ತೆಯವರು ಕಣ್ಣು ಕೂಡ ಮಿಟುಕಿಸಲಿಲ್ಲ.

"ಸಾವಕಾರ್ರದ ಇರಬೇಕು. ಹಾಕ್ಕೋರಿ ಸಾವಕಾರ್ರೆ, ನಿಮಗ ಛಂದ ಕಾಣ್ತದ."

ಸಾಹುಕಾರರು ಪಕ್ಕದ ಮನೆಯಾಕೆಯ ಮುಖ ನೋಡಿದರು, ಅತ್ತೆಯವರ ಮುಖ ನೋಡಿದರು. ಆ ಚಪ್ಪಲಿಯಲ್ಲಿ ನಾಲ್ಕು ಬೆರಳು ತೂರಿಸಿಕೊಂಡು ಬಸ್ಸಿನ ಕಡೆಗೆ ನಡೆದರು. ಅವರ ಬೂಟು ಇನ್ನೂ ನಮ್ಮ ತಗ್ಗಿನಲ್ಲಿದೆ. ಘೋಡಿ ನಮ್ಮ ಮನೆಯಲ್ಲಿದೆ.

ಬರೆದದ್ದರಲ್ಲಿ ತಪ್ಪುಗಳಿದ್ದರೆ ಓದಿದವರು ದಯವಿಟ್ಟು ಕ್ಷಮಿಸಬೇಕು.